ಗಂಜಿನ ಕಣ್ಣಲ್ಲಿ ಸಣ್ಣ ಸಾಫ್ಟ್‌ವೇರ್ ಕಂಪನಿ: ಷೇರು ಕೊಳ್ಳುವ ಮುಂಚೆ ಏನೇನು ನೋಡಬೇಕು

ದೀಪಾವಳಿಗೆ ಬೆಂಗಳೂರಿನಿಂದ ಬಂದಿದ್ದ ಅಣ್ಣನ ಮಗ ಊಟಕ್ಕೆ ಕೂತಲ್ಲೇ ಮೊಬೈಲ್ ಮುಂದೆ ಹಿಡಿದ. "ಕಾಕಾ, ಇದು ಎಐ ಕಂಪನಿ. ಮೂರು ತಿಂಗಳದಾಗ ಡಬಲ್ ಆಗ್ಯದ. ಇನ್ನೂ ಏರ್ತದಂತ. ಎರಡು ಲಕ್ಷ ಹಾಕ್ಲೇನು?"

ಅವನು ಸಾಫ್ಟ್‌ವೇರ್ ಎಂಜಿನಿಯರ್. ನಾನು ಕಲಬುರಗಿಯ ಧಾನ್ಯದ ಮಾರುಕಟ್ಟೆ ನೆಹರು ಗಂಜಿನ ಅಡತಿ ಅಂಗಡಿಯಲ್ಲಿ 22 ವರ್ಷ ಕಿರ್ದಿ-ಖಾತೆ ಬರೆದವನು. ಆ ಕಂಪನಿ ಏನು ಮಾಡುತ್ತದೆ ಅನ್ನುವುದು ನನಗಿಂತ ಅವನಿಗೇ ಚೆನ್ನಾಗಿ ಗೊತ್ತು. "ಮಾರಿದ ಮಾಲಿನ ರೊಕ್ಕ ಕೈಗೆ ಬಂದದೇನು?" ಅಂತ ಕೇಳಿದೆ. ಮೊಬೈಲ್ ಕೆಳಗಿಟ್ಟು ರೊಟ್ಟಿ ಮುರಿದ.

ಆ ರಾತ್ರಿ ಇಬ್ಬರೂ ಕೂತು ಆ ಕಂಪನಿಯ ವಾರ್ಷಿಕ ವರದಿ ತೆಗೆದೆವು. ಯಾವ ಕ್ರಮದಲ್ಲಿ ನೋಡಿದೆವೋ ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಬೇಡ, ಅಂಕಿಗಳೂ ಅದರವಲ್ಲ. ಲೆಕ್ಕ ತಿಳಿಯಲೆಂದು ನಾನೇ ಕಟ್ಟಿದ ಅಂಕಿಗಳು.

1. ಮೊದಲು ಕಾಗದಪತ್ರ

ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ಲೆಕ್ಕದಲ್ಲಿ ಮಾರುಕಟ್ಟೆ ಮೌಲ್ಯದ ಮೊದಲ 100 ಕಂಪನಿಗಳು ದೊಡ್ಡವು, 101ರಿಂದ 250ರವರೆಗೆ ಮಧ್ಯಮ, 251ರಿಂದ ಮುಂದಿನವೆಲ್ಲ ಸಣ್ಣವು. ನಾನು ಹೇಳುತ್ತಿರುವುದು ಆ ಪಟ್ಟಿಯ ಬಾಲದಲ್ಲಿರುವ, ಒಟ್ಟು ಬೆಲೆ ಸಾವಿರ ಕೋಟಿಯನ್ನೂ ಮುಟ್ಟದ ಕಂಪನಿಗಳ ಬಗ್ಗೆ. ಇಂಥವನ್ನು ದೊಡ್ಡ ದಲ್ಲಾಳಿ ಸಂಸ್ಥೆಗಳ ವಿಶ್ಲೇಷಕರು ಸಾಮಾನ್ಯವಾಗಿ ನೋಡುವುದಿಲ್ಲ. ನಾವೇ ನೋಡಬೇಕು.

ಷೇರು ವಿನಿಮಯ ಕೇಂದ್ರಗಳಾದ ಬಿಎಸ್‌ಇ ಅಥವಾ ಎನ್‌ಎಸ್‌ಇ ಜಾಲತಾಣದಲ್ಲಿ ಕಂಪನಿಯ ಪುಟಕ್ಕೆ ಹೋಗಿ ಮೂರು ವರ್ಷದ ವಾರ್ಷಿಕ ವರದಿ, ಷೇರುದಾರರ ಪಟ್ಟಿ, ಕಂಪನಿ ಕೊಟ್ಟ ಪ್ರಕಟಣೆಗಳು ಇಷ್ಟನ್ನು ಇಳಿಸಿಕೊಳ್ಳಿ. ಎಲ್ಲ ಪುಕ್ಕಟೆ. ವರದಿಯ ಮೊದಲ 40 ಪುಟ ಬಣ್ಣದ ಚಿತ್ರ, ಅಧ್ಯಕ್ಷರ ಪತ್ರ. ಅದನ್ನು ಕೊನೆಗೆ ಓದಿ. ಲೆಕ್ಕಪರಿಶೋಧಕರ ವರದಿ ಮತ್ತು ಲೆಕ್ಕದ ಟಿಪ್ಪಣಿಗಳಿಂದ ಶುರು ಮಾಡಿ.

ಇನ್ನೊಂದು ಕಾಗದವನ್ನು ಬಹಳ ಜನ ಮರೆಯುತ್ತಾರೆ. ಬ್ಯಾಂಕ್ ಸಾಲ ಪಡೆದ ಸಣ್ಣ ಕಂಪನಿಗಳಿಗೆ ಕ್ರಿಸಿಲ್, ಇಕ್ರಾ, ಕೇರ್‌ನಂಥ ಸಂಸ್ಥೆಗಳು ರೇಟಿಂಗ್ ಕೊಡುತ್ತವೆ, ಯಾಕೆ ಕೊಟ್ಟೆವು ಅಂತ ಎರಡು-ಮೂರು ಪುಟದ ಟಿಪ್ಪಣಿ ಬರೆಯುತ್ತವೆ. ಸಾಲ ಕೊಡುವವನ ಕಣ್ಣಿನಿಂದ ಬರೆದದ್ದಾದ್ದರಿಂದ ಅಲ್ಲಿ ಹೊಗಳಿಕೆ ಕಡಿಮೆ. "ಇಬ್ಬರೇ ಗಿರಾಕಿಗಳ ಮೇಲೆ ಅವಲಂಬನೆ", "ವಸೂಲಿ ನಿಧಾನ" ಅನ್ನುವ ಮಾತೆಲ್ಲ ಅಲ್ಲಿ ನೇರವಾಗಿಯೇ ಸಿಗುತ್ತದೆ. ಕಂಪನಿ ಮಾಹಿತಿ ಕೊಡಲು ಸಹಕರಿಸುತ್ತಿಲ್ಲ ಅನ್ನುವ ಷರಾ ರೇಟಿಂಗ್ ಪಕ್ಕದಲ್ಲಿ ಕಂಡರೆ ನಾನು ಅಲ್ಲಿಗೇ ವಹಿ ಮುಚ್ಚುತ್ತೇನೆ.

2. ಏನು ಮಾರುತ್ತದೆ, ಯಾರಿಗೆ

ಎರಡು ವಾಕ್ಯದಲ್ಲಿ ಹೇಳಲು ಬರಬೇಕು. "ಸಹಕಾರಿ ಬ್ಯಾಂಕುಗಳಿಗೆ ಲೆಕ್ಕದ ಸಾಫ್ಟ್‌ವೇರ್ ಕೊಡುತ್ತದೆ, ವರ್ಷವರ್ಷ ಶುಲ್ಕ ಬರುತ್ತದೆ" ಅಂದರೆ ತಿಳಿಯಿತು. "ಡಿಜಿಟಲ್ ಪರಿವರ್ತನೆಯ ಸಮಗ್ರ ಪರಿಹಾರ" ಅಂದರೆ ನನಗೇನೂ ತಿಳಿಯಲಿಲ್ಲ, ಅಣ್ಣನ ಮಗನಿಗೂ ತಿಳಿಯಲಿಲ್ಲ.

ಸಾಫ್ಟ್‌ವೇರ್ ಕಂಪನಿ ಅನ್ನಿಸಿಕೊಂಡದ್ದರಲ್ಲಿ ಮೂರು ಜಾತಿ. ಜನರನ್ನು ಗಂಟೆ ಲೆಕ್ಕದಲ್ಲಿ ಕೆಲಸಕ್ಕೆ ಕೊಡುವುದು ಒಂದು. ಇದು ಹಮಾಲರ ಗುತ್ತಿಗೆ ಇದ್ದಂತೆ, ಜನ ಹೆಚ್ಚಾದಷ್ಟೇ ಆದಾಯ. ತನ್ನದೇ ಉತ್ಪನ್ನ ಮಾಡಿ ಬಾಡಿಗೆಗೆ ಕೊಡುವುದು ಇನ್ನೊಂದು. ಒಂದು ಸಲ ಮಾಡಿದ್ದನ್ನು ನೂರು ಜನರಿಗೆ ಮಾರಬಹುದು. ಮೂರನೆಯದು ಕಂಪ್ಯೂಟರ್, ಕ್ಯಾಮೆರಾ, ಸರ್ವರ್ ಕೊಂಡು ತಂದು ಮಾರುವ ಅಂಗಡಿ, ಹೆಸರಿಗೆ ಮಾತ್ರ ಟೆಕ್. ಲಾಭ-ನಷ್ಟದ ಪಟ್ಟಿಯಲ್ಲಿ 'ಸರಕು ಖರೀದಿ' ಅನ್ನುವ ಸಾಲು ಸಂಬಳದ ಸಾಲಿಗಿಂತ ದೊಡ್ಡದಾಗಿದ್ದರೆ ಅದು ಮೂರನೆಯ ಜಾತಿ, ಹೆಸರಿನಲ್ಲಿ ಏನೇ ಇರಲಿ.

ಹೆಸರಿನ ಮಾತು ಬಂತಲ್ಲ. 2000ದ ಸುಮಾರಿಗೆ ಹೆಸರಿನ ಬಾಲಕ್ಕೆ 'ಇನ್ಫೋಟೆಕ್' ಅಂಟಿಸಿಕೊಂಡ ಒಂದು ಕಂಪನಿಯಲ್ಲಿ ನಾನು 18 ಸಾವಿರ ಕಳೆದುಕೊಂಡೆ. ಷೇರು ಪತ್ರ ಇನ್ನೂ ಟ್ರಂಕಿನಲ್ಲಿದೆ, ಕಾಗದ ಚಲೋ ಗಟ್ಟಿ. ಈಗ ಹೊಸ ಕಸುಬಿನ ಹೆಸರು ಇಟ್ಟುಕೊಳ್ಳಬೇಕಾದರೆ ಹಿಂದಿನ ಒಂದು ವರ್ಷದ ಆದಾಯದಲ್ಲಿ ಕನಿಷ್ಠ ಅರ್ಧ ಆ ಕಸುಬಿನಿಂದಲೇ ಬಂದಿರಬೇಕು, ಇಲ್ಲವೇ ಕಂಪನಿಯ ಆಸ್ತಿಯ ಕನಿಷ್ಠ ಅರ್ಧದಷ್ಟು ಅದರಲ್ಲಿ ಹೂಡಿರಬೇಕು ಎಂದು ಸೆಬಿ ನಿಯಮವಿದೆ. ಆದರೆ ಅಧ್ಯಕ್ಷರ ಪತ್ರದಲ್ಲಿ 'ಎಐ' ಎಂದು ಎಷ್ಟು ಸಲ ಬರೆಯಬಹುದು ಅನ್ನುವುದಕ್ಕೆ ನಿಯಮವಿಲ್ಲ.

ಗಿರಾಕಿಗಳ ಲೆಕ್ಕಕ್ಕೆ ಟಿಪ್ಪಣಿಗಳಲ್ಲಿ ವಿಭಾಗವಾರು ಮಾಹಿತಿ ನೋಡಿ. ಆದಾಯದ 10 ಪ್ರತಿಶತ ಅಥವಾ ಹೆಚ್ಚು ಒಬ್ಬನೇ ಗಿರಾಕಿಯಿಂದ ಬಂದಿದ್ದರೆ ಅದನ್ನು ಹೇಳಬೇಕು. ಒಬ್ಬನಿಂದಲೇ ಅರ್ಧ ಬರುತ್ತಿದ್ದರೆ ದರ ಇಳಿಸು ಅಂತ ಅವನು ಹೇಳಿದ ದಿನ ಕಂಪನಿ ಇಳಿಸಲೇಬೇಕು.

3. ಉದ್ರಿ

ಇಲ್ಲಿ ನಿಧಾನವಾಗಿ ಓದಿ. ನಾನು ಹೇಳಬೇಕಾದದ್ದರ ಮುಕ್ಕಾಲು ಪಾಲು ಇಲ್ಲೇ ಇದೆ.

ನಮ್ಮ ಲೆಕ್ಕದ ಕಂಪನಿಯ ಮಾರಾಟ ಹೋದ ವರ್ಷ 50 ಕೋಟಿ, ಈ ವರ್ಷ 80 ಕೋಟಿ. ಲಾಭ 12 ಕೋಟಿ. ಮಾರಾಟ 60 ಪ್ರತಿಶತ ಏರಿಕೆ! ವಾಟ್ಸ್ಆ್ಯಪ್‌ನಲ್ಲಿ ಓಡಾಡುವುದು ಇಷ್ಟೇ. ಈಗ ಬ್ಯಾಲೆನ್ಸ್ ಶೀಟಿನಲ್ಲಿ ಗಿರಾಕಿಗಳಿಂದ ಬರಬೇಕಾದ ಬಾಕಿ ನೋಡಿ. ಹೋದ ವರ್ಷ 18 ಕೋಟಿ, ಈ ವರ್ಷ 46 ಕೋಟಿ. ಮಾರಾಟ ಹೆಚ್ಚಿದ್ದು 30 ಕೋಟಿ, ಬಾಕಿ ಹೆಚ್ಚಿದ್ದು 28 ಕೋಟಿ. ಗಂಜಿನ ಭಾಷೆಯಲ್ಲಿ ಹೇಳುವುದಾದರೆ ಈ ವರ್ಷದ ಬೆಳವಣಿಗೆ ಬಹುಪಾಲು ಉದ್ರಿ.

ದಿನದ ಲೆಕ್ಕಕ್ಕೆ ತನ್ನಿ. ಬಾಕಿಯನ್ನು ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿ. ಹೋದ ವರ್ಷ ಸುಮಾರು 131 ದಿನ, ಈ ವರ್ಷ 210 ದಿನ. ಬಾಕಿಯಲ್ಲಿ ಜಿಎಸ್‌ಟಿ ಸೇರಿರುತ್ತದೆ, ಮಾರಾಟದಲ್ಲಿ ಇರುವುದಿಲ್ಲ; ಹಾಗಾಗಿ 18 ಪ್ರತಿಶತ ಜಿಎಸ್‌ಟಿ ತೆಗೆದು ನೋಡಬೇಕು ಅಂತ ಯಾರಾದರೂ ವಾದಿಸಿದರೆ ಅದು ಸರಿಯಾದ ವಾದವೇ. ತೆಗೆದರೂ 111ರಿಂದ 178ಕ್ಕೆ ಏರಿದೆ. ದಿಕ್ಕು ಬದಲಾಗಲಿಲ್ಲ. 'ಬಿಲ್ ಮಾಡದ ಆದಾಯ' ಅಂತ ಇನ್ನೊಂದು ಸಾಲು ಬೇರೆ ಕಡೆ ಇರುತ್ತದೆ, ಅದನ್ನೂ ಕೂಡಿಸಿ. ಅದು ಮಾಲು ತಕ್ಕಡಿಗೆ ಏರುವ ಮೊದಲೇ ಮಾರಾಟ ಬರೆದುಕೊಂಡಂತೆ. ತಿಂಗಳುಗಟ್ಟಲೆ ನಡೆಯುವ ಯೋಜನೆಗಳಲ್ಲಿ ಅದು ಸಹಜ, ಆದರೆ ವರ್ಷ ವರ್ಷ ಉಬ್ಬುತ್ತಾ ಹೋದರೆ ಸಹಜವಲ್ಲ.

ಈಗ ಬಾಕಿಯ ವಯಸ್ಸು. ಕೆಲವು ವರ್ಷಗಳಿಂದ ಕಂಪನಿಗಳು ಇದನ್ನು ಪಟ್ಟಿ ಮಾಡಿ ಕೊಡಲೇಬೇಕು: 6 ತಿಂಗಳೊಳಗಿನದು, 6 ತಿಂಗಳಿಂದ 1 ವರ್ಷ, 1ರಿಂದ 2, 2ರಿಂದ 3, 3 ವರ್ಷ ಮೀರಿದ್ದು, ತಕರಾರು ಇರುವುದು ಬೇರೆ, ಇಲ್ಲದ್ದು ಬೇರೆ. ನಮ್ಮ ಕಂಪನಿಯ 46 ಕೋಟಿಯಲ್ಲಿ 14 ಕೋಟಿ ವಾಯಿದೆ ಮುಗಿದು ವರ್ಷ ದಾಟಿದೆ ಅಂತಿಟ್ಟುಕೊಳ್ಳಿ. ಹೋದ ವರ್ಷದ ಕೊನೆಗೆ ಇದ್ದ ಬಾಕಿಯೇ 18 ಕೋಟಿ. ಅಂದರೆ ಒಂದು ಪೂರ್ತಿ ವರ್ಷದಲ್ಲಿ ಅದರಲ್ಲಿ ವಸೂಲಾದದ್ದು 4 ಕೋಟಿ! ಮುಳುಗಬಹುದಾದ ಬಾಕಿಗೆ ಕಂಪನಿ ಎತ್ತಿಟ್ಟದ್ದು ಎಷ್ಟು ಅಂತ ಪಕ್ಕದಲ್ಲೇ ಇರುತ್ತದೆ. 1 ಕೋಟಿ ಅಂದಿದ್ದರೆ, 12 ಕೋಟಿ ಲಾಭ ಆ 14 ಕೋಟಿಯ ಹೊಟ್ಟೆಯೊಳಗೇ ಇದೆ ಅಂತ ತಿಳಿಯಿರಿ.

ನಮ್ಮ ಅಂಗಡಿಯ ಯಜಮಾನರು ಸಂಕ್ರಾಂತಿ ಆದ ಮೇಲೆ ಖಾತೆ ವಹಿ ತೆಗೆಸಿ, ಹಳೇ ಹೆಸರುಗಳ ಮುಂದೆ ಕೆಂಪು ಪೆನ್ನಿನಿಂದ ಗೀಟು ಹಾಕಿಸುತ್ತಿದ್ದರು. "ಇವ್ನು ಬರಾಂಗಿಲ್ಲ, ಬಿಡು" ಅಂದರೆ ಆ ರೊಕ್ಕ ಲಾಭದಲ್ಲಿ ಕಳೆಯಬೇಕು. ತೊಗರಿ ದರ ಚಲೋ ಇದ್ದ ವರ್ಷವೂ ಗೀಟು ತಪ್ಪುತ್ತಿರಲಿಲ್ಲ. ಷೇರು ದರ ಎತ್ತರದಲ್ಲಿ ನಿಲ್ಲಬೇಕಾದ ಕಂಪನಿಗೆ ಹಾಗೆ ಗೀಟು ಹಾಕುವ ಅವಸರ ಇರುವುದಿಲ್ಲ.

ಸರ್ಕಾರಿ ಇಲಾಖೆಗಳೇ ಗಿರಾಕಿಗಳಾಗಿದ್ದರೆ? ರೊಕ್ಕ ತಡವಾಗಿ ಬರುತ್ತದೆ, ಹೆಚ್ಚಾಗಿ ಬಂದೇ ಬರುತ್ತದೆ. ಆದರೆ ಬರುವವರೆಗೆ ಸಂಬಳ ಕೊಡಲು ಕಂಪನಿ ಸಾಲ ಮಾಡಬೇಕು, ಬಡ್ಡಿ ಕಟ್ಟಬೇಕು. ಆದ್ದರಿಂದ ಬಾಕಿಯ ಜೊತೆ ಬ್ಯಾಂಕ್ ಸಾಲವೂ ಏರಿದೆಯೇ ನೋಡಿ.

ಕೊನೆಗೆ ನಗದು ಹರಿವಿನ ಪಟ್ಟಿ. ಅದರ ಮೊದಲ ಭಾಗದ ಕೊನೆಯ ಸಾಲು, ಅಂದರೆ ವ್ಯವಹಾರದಿಂದ ನಿಜವಾಗಿ ಬಂದ ನಗದು. ನಮ್ಮ ಕಂಪನಿಯಲ್ಲಿ ಲಾಭ 12 ಕೋಟಿ, ನಗದು ಮೈನಸ್ 3 ಕೋಟಿ. ಒಂದು ವರ್ಷ ಹೀಗಾದರೆ ಕಾರಣ ಕೇಳಬಹುದು. ಐದು ವರ್ಷದ ಲಾಭ ಕೂಡಿಸಿ, ಐದು ವರ್ಷದ ನಗದು ಕೂಡಿಸಿ, ಪಕ್ಕಪಕ್ಕ ಬರೆಯಿರಿ. 40 ಕೋಟಿ ಲಾಭಕ್ಕೆ 30 ಕೋಟಿ ನಗದು ಬಂದಿದ್ದರೆ ಬೆಳೆಯುವ ಕಂಪನಿಗೆ ಅದು ತಕ್ಕಮಟ್ಟಿಗೆ ಸರಿ. 8 ಕೋಟಿ ಬಂದಿದ್ದರೆ ಮುಂದಿನ ಹಂತ ಓದುವ ಅಗತ್ಯವಿಲ್ಲ, ಬೇರೆ ಕಂಪನಿ ಹುಡುಕಿ.

4. ಸಂಬಳ ಆಸ್ತಿಯಾಗುವ ಕೈಚಳಕ

ಇದು ಟೆಕ್ ಕಂಪನಿಗಳಲ್ಲೇ ಹೆಚ್ಚು. ಎಂಜಿನಿಯರುಗಳ ಸಂಬಳ 10 ಕೋಟಿ. "ಅದರಲ್ಲಿ 4 ಕೋಟಿ ಹೊಸ ಉತ್ಪನ್ನ ಕಟ್ಟಲು ಹೋಯಿತು, ಅದು ಖರ್ಚಲ್ಲ, ಆಸ್ತಿ" ಅಂತ ಬರೆದರೆ ಲಾಭ 4 ಕೋಟಿ ಹೆಚ್ಚುತ್ತದೆ. ಲೆಕ್ಕದ ನಿಯಮ ಕೆಲವು ಷರತ್ತುಗಳ ಮೇಲೆ ಇದಕ್ಕೆ ಒಪ್ಪುತ್ತದೆ, ಮೋಸ ಅಂತ ಹೇಳಲಾಗದು. ಆದರೆ ಇದೇ 4 ಕೋಟಿ ನಗದು ಹರಿವಿನ ಮೊದಲ ಭಾಗದಿಂದಲೂ ಜಾರಿ ಹೂಡಿಕೆಯ ಭಾಗಕ್ಕೆ ಹೋಗುತ್ತದೆ, ಹಾಗಾಗಿ ಮೇಲಿನ ಪರೀಕ್ಷೆಯನ್ನೂ ತಪ್ಪಿಸಿಕೊಳ್ಳುತ್ತದೆ. 'ಅಭಿವೃದ್ಧಿ ಹಂತದ ಅಮೂರ್ತ ಆಸ್ತಿ' ಅನ್ನುವ ಸಾಲಿಗೆ ಈ ವರ್ಷ ಸೇರಿದ್ದೆಷ್ಟು ನೋಡಿ, ಅಷ್ಟನ್ನು ಲಾಭದಿಂದಲೂ ನಗದಿನಿಂದಲೂ ನೀವೇ ಕಳೆಯಿರಿ. ದಾಲ್ ಮಿಲ್ಲಿನವನು ಹಮಾಲಿಯನ್ನೂ ಡೀಸೆಲ್ಲನ್ನೂ ಯಂತ್ರದ ಬೆಲೆಗೆ ಸೇರಿಸಿದರೆ ನೀವು ಒಪ್ಪುತ್ತೀರಾ?

5. ಬ್ಯಾಂಕಿನಲ್ಲಿದೆ ಅನ್ನುವ ರೊಕ್ಕ

2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಠೇವಣಿಯಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಷೇರು ಒಂದೇ ದಿನ ಮುಕ್ಕಾಲಿಗೂ ಹೆಚ್ಚು ಕುಸಿಯಿತು. ಅದು ಸಣ್ಣ ಕಂಪನಿಯಲ್ಲ. ನಮ್ಮೂರಿನ ಹುಡುಗರು ರಾತ್ರಿ ರೈಲು ಹತ್ತಿ ಕೆಲಸ ಹುಡುಕಲು ಹೋಗುವ ಊರಿನ ದೊಡ್ಡ ಹೆಸರು.

ಆ ಪತ್ರದಲ್ಲೇ ಇನ್ನೊಂದು ಸಾಲಿತ್ತು: ಬರಬೇಕಾದ ಬಡ್ಡಿ ಎಂದು ತೋರಿಸಿದ್ದ 376 ಕೋಟಿಯೂ ಸುಳ್ಳು. ಆದ್ದರಿಂದ ಬಡ್ಡಿ ಆದಾಯವನ್ನು ಲಾಭ-ನಷ್ಟದ ಪಟ್ಟಿಯಲ್ಲಿ ನೋಡಿ ಸಮಾಧಾನ ಪಡಬೇಡಿ. ನಗದು ಹರಿವಿನ ಪಟ್ಟಿಯಲ್ಲಿ 'ಸ್ವೀಕರಿಸಿದ ಬಡ್ಡಿ' ಎಷ್ಟು ನೋಡಿ. ವರ್ಷವಿಡೀ 40 ಕೋಟಿ ಠೇವಣಿ ಇದ್ದರೆ 6 ಪ್ರತಿಶತದಲ್ಲಿ 2.4 ಕೋಟಿಯ ಆಸುಪಾಸು ಬಡ್ಡಿ ಬಂದಿರಬೇಕು. 30 ಲಕ್ಷ ಬಂದಿದ್ದರೆ ಆ ರೊಕ್ಕ ಮಾರ್ಚ್ 31ಕ್ಕೆ ಬಂದು ಏಪ್ರಿಲ್‌ನಲ್ಲಿ ಹೋಗುವ ಅತಿಥಿ ಇರಬಹುದು. 40 ಕೋಟಿ ಕೈಯಲ್ಲಿದ್ದೂ 11 ಪ್ರತಿಶತ ಬಡ್ಡಿಗೆ 30 ಕೋಟಿ ಸಾಲ ಮಾಡಿದ್ದರೆ? ಅದಕ್ಕೆ ಒಪ್ಪುವ ಕಾರಣವನ್ನು ಕಂಪನಿಯೇ ಹೇಳಬೇಕು.

6. ಬೆಳೆಯುತ್ತದೆ ಅನ್ನುವ ಮಾತು

ಅಣ್ಣನ ಮಗನ ವಾದ ಇಲ್ಲಿ ಶುರುವಾಯಿತು. "ಕಾಕಾ, ನೀವು ಹಿಂದಿಂದು ನೋಡಾಕತ್ತೀರಿ. ಷೇರು ಮುಂದಿಂದು ನೋಡ್ತದ." ಮಾತು ಸುಳ್ಳಲ್ಲ. ಹಾಗಾದರೆ ಇವತ್ತಿನ ದರದೊಳಗೆ ಎಷ್ಟು 'ಮುಂದಿಂದು' ಆಗಲೇ ಕೂತಿದೆ ಅಂತ ಲೆಕ್ಕ ಹಾಕೋಣ ಅಂದೆ.

ಷೇರು ದರ 240 ರೂಪಾಯಿ, ಒಟ್ಟು ಷೇರು 2 ಕೋಟಿ. ಕಂಪನಿಯ ಬೆಲೆ 480 ಕೋಟಿ. ಲಾಭ 12 ಕೋಟಿ ಎಂದು ನಂಬಿದರೂ ಲಾಭದ 40 ಪಟ್ಟು ಕೊಡುತ್ತಿದ್ದೇವೆ. ವರ್ಷಕ್ಕೆ 15 ಪ್ರತಿಶತ ಸಿಗಬೇಕೆಂದರೆ ಐದು ವರ್ಷದಲ್ಲಿ ಬೆಲೆ ಎರಡು ಪಟ್ಟಾಗಬೇಕು, ಅಂದರೆ ಸುಮಾರು 965 ಕೋಟಿ. ಅಷ್ಟೊತ್ತಿಗೆ ಉತ್ಸಾಹ ಇಳಿದು ಜನ ಲಾಭದ 20 ಪಟ್ಟು ಮಾತ್ರ ಕೊಡುತ್ತಾರೆ ಅಂತಿಟ್ಟುಕೊಳ್ಳಿ. ಆಗ ಲಾಭ 48 ಕೋಟಿ ಆಗಬೇಕು. ಐದು ವರ್ಷದಲ್ಲಿ ನಾಲ್ಕು ಪಟ್ಟು, ವರ್ಷಕ್ಕೆ 32 ಪ್ರತಿಶತ, ಒಂದು ವರ್ಷವೂ ಎಡವದೆ.

ಕಂಪನಿಯಲ್ಲಿ ಈಗ 400 ಜನ, 80 ಕೋಟಿ ಮಾರಾಟ. ತಲೆಗೆ 20 ಲಕ್ಷ. ಜನರನ್ನು ಕೊಟ್ಟು ಗಳಿಸುವ ಕಂಪನಿಯಾದರೆ ನಾಲ್ಕು ಪಟ್ಟಿಗೆ 1,600 ಜನ ಬೇಕು, ಇಲ್ಲವೇ ತಲೆಗೆ ಬರುವ ಆದಾಯ ಏರಬೇಕು. ಹಿಂದಿನ ಮೂರು ವರ್ಷ ಆ ತಲೆಲೆಕ್ಕ ಏರಿದೆಯೇ? ಉತ್ಪನ್ನದ ಕಂಪನಿಯಾದರೆ ಬೇರೆ ಪ್ರಶ್ನೆ: ಹಳೇ ಗಿರಾಕಿಗಳು ಎಷ್ಟು ಜನ ಮತ್ತೆ ಶುಲ್ಕ ಕಟ್ಟಿದರು? ಇದನ್ನು ಹೇಳುವ ಸಣ್ಣ ಕಂಪನಿಗಳು ಕಡಿಮೆ. ಹೇಳಿದರೆ ಅದೇ ಒಂದು ಒಳ್ಳೆಯ ಗುಣ.

ಜನರ ಲೆಕ್ಕವನ್ನು ಕಂಪನಿಯ ಬಾಯಿಂದಲೇ ಕೇಳಬೇಕಾಗಿಲ್ಲ. ಇಪಿಎಫ್‌ಒ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹುಡುಕಿದರೆ ಯಾವ ತಿಂಗಳು ಎಷ್ಟು ನೌಕರರ ಭವಿಷ್ಯ ನಿಧಿ ಕಟ್ಟಿದ್ದಾರೆ ಅನ್ನುವುದು ಸಿಗುತ್ತದೆ. ಒಂದೇ ಕಂಪನಿಗೆ ಎರಡು-ಮೂರು ನೋಂದಣಿ ಇರಬಹುದು, ಗುತ್ತಿಗೆಯವರು ಬೇರೆ ಕಡೆ ಇರಬಹುದು. ಅಷ್ಟು ರಿಯಾಯಿತಿ ಕೊಡಿ. ಆದರೂ ವರದಿಯಲ್ಲಿ 400, ಇಲ್ಲಿ 90 ಅಂದರೆ ಕೇಳುವ ಪ್ರಶ್ನೆ ಸಿಕ್ಕಿತು. ಜಿಎಸ್‌ಟಿ ಪೋರ್ಟಲ್‌ನಲ್ಲೂ ಹಾಗೆಯೇ, ರಿಟರ್ನ್ಸ್ ಯಾವ ದಿನ ಸಲ್ಲಿಸಿದರು ಅನ್ನುವುದು ಯಾರಿಗಾದರೂ ಕಾಣುತ್ತದೆ. ತಿಂಗಳು ತಿಂಗಳು ತಡವಾಗುತ್ತಿದ್ದರೆ ಕೈಯಲ್ಲಿ ರೊಕ್ಕ ಬಿಗಿ ಇರಬಹುದು.

ಆರ್ಡರ್ ಸುದ್ದಿಗಳಲ್ಲಿ ವರ್ಷ ಎಣಿಸಿ. "100 ಕೋಟಿ ಆರ್ಡರ್" ಐದು ವರ್ಷಕ್ಕಾದರೆ ವರ್ಷಕ್ಕೆ 20 ಕೋಟಿ. ಒಪ್ಪಂದದ ಇಂಗಿತ ಪತ್ರ, ಎಂಒಯು ಅನ್ನುವ ತಿಳಿವಳಿಕೆ ಪತ್ರ, ಇವೆಲ್ಲ ಆರ್ಡರ್ ಅಲ್ಲ. ಗಂಜಿಗೆ ಬಂದು ಮಾಲು ಮೂಸಿ ನೋಡಿ ಹೋದವನು ಖರೀದಿದಾರ ಅಲ್ಲವಲ್ಲ.

7. ಯಜಮಾನರು

ಮೂರು ತಿಂಗಳಿಗೊಮ್ಮೆ, ತ್ರೈಮಾಸಿಕ ಮುಗಿದ 21 ದಿನದೊಳಗೆ, ಷೇರುದಾರರ ಪಟ್ಟಿ ಬರುತ್ತದೆ. ಪ್ರವರ್ತಕರ, ಅಂದರೆ ಕಂಪನಿ ಕಟ್ಟಿ ನಡೆಸುವ ಯಜಮಾನರ, ಪಾಲು ಇಳಿಯುತ್ತಿದೆಯೇ, ಅವರ ಷೇರು ಅಡವಿನಲ್ಲಿದೆಯೇ ಅದರಲ್ಲೇ ಇದೆ. ಅಡವಿಟ್ಟ ಷೇರು ದರ ಬಿದ್ದಾಗ ಸಾಲ ಕೊಟ್ಟವನು ಮಾರಿಬಿಡುತ್ತಾನೆ, ದರ ಇನ್ನೂ ಬೀಳುತ್ತದೆ.

ವಾರಂಟ್ ಅನ್ನುವ ಪದ ಕಂಡರೆ ನಿಲ್ಲಿ. ಪ್ರವರ್ತಕರೋ ಅವರ ಪರಿಚಯದವರೋ 25 ಪ್ರತಿಶತ ಮುಂಗಡ ಕಟ್ಟಿ, 18 ತಿಂಗಳೊಳಗೆ ಉಳಿದದ್ದು ಕೊಟ್ಟು ಷೇರು ಮಾಡಿಕೊಳ್ಳುವ ವ್ಯವಸ್ಥೆ ಇದು. ಬೆಳೆಯಲು ಬಂಡವಾಳ ಬೇಕು, ಸರಿ. ಆದರೆ 2 ಕೋಟಿ ಷೇರು 2.5 ಕೋಟಿ ಆದರೆ ಮೇಲಿನ ಲೆಕ್ಕ ಬದಲಾಯಿತು: ನಿಮ್ಮ ಷೇರು ಎರಡು ಪಟ್ಟಾಗಲು ಲಾಭ 60 ಕೋಟಿ ಆಗಬೇಕು, ವರ್ಷಕ್ಕೆ 38 ಪ್ರತಿಶತ ಬೆಳೆಯಬೇಕು.

ಸಂಬಂಧಿತರ ಜೊತೆಗಿನ ವ್ಯವಹಾರದ ಟಿಪ್ಪಣಿಯಲ್ಲಿ ಅಧ್ಯಕ್ಷರ ಮನೆಯವರ ಕಂಪನಿಗೆ ಬಾಡಿಗೆ, ತಮ್ಮನ ಕಂಪನಿಗೆ ಸಾಲ, ಭಾವನ ಕಂಪನಿಗೆ ಮಾರಾಟ ಎಲ್ಲ ಸಿಗುತ್ತದೆ. ನನಗೆ ಹೆಚ್ಚು ಹೆದರಿಕೆ ಮೂರನೆಯದರದ್ದು, ಯಾಕೆಂದರೆ ಮಾರಾಟ ಉಬ್ಬಿಸಲು ಅದೇ ಸುಲಭದ ದಾರಿ. ಲೆಕ್ಕಪರಿಶೋಧಕರು ಅವಧಿ ಮುಗಿಯುವ ಮೊದಲೇ ರಾಜೀನಾಮೆ ಕೊಟ್ಟಿದ್ದರೆ ಕಾರಣ ಬರೆದ ಪತ್ರ ಪ್ರಕಟಣೆಗಳಲ್ಲಿ ಇರುತ್ತದೆ, ಓದಿ. "ಬೇರೆ ಕೆಲಸದ ಒತ್ತಡ" ಅಂತ ಇದ್ದರೆ ಎರಡು ಸಲ ಓದಿ.

8. ಹೊರಗೆ ಬರುವ ಬಾಗಿಲು

ದಿನಕ್ಕೆ ಎಷ್ಟು ರೂಪಾಯಿಯ ವ್ಯವಹಾರ ನಡೆಯುತ್ತದೆ ನೋಡಿ. ದಿನಕ್ಕೆ 5 ಲಕ್ಷದ ವಹಿವಾಟು ಇರುವಲ್ಲಿ ನೀವು 2 ಲಕ್ಷ ಹಾಕಿದರೆ, ಕೆಟ್ಟ ಸುದ್ದಿ ಬಂದ ದಿನ ಕೊಳ್ಳುವವನೇ ಇರುವುದಿಲ್ಲ. ಸಣ್ಣ ಷೇರುಗಳ ದರ ಒಂದು ದಿನದಲ್ಲಿ ಏರಿಳಿಯುವ ಮಿತಿ 5 ಪ್ರತಿಶತವೂ ಇರಬಹುದು, 2ಕ್ಕೂ ಇಳಿಯಬಹುದು. ಕೆಳಮಿತಿ ಮುಟ್ಟಿ ನಿಂತ ಷೇರನ್ನು ಮಾರಲು ದಿನಾ ಬೆಳಿಗ್ಗೆ ಸಾಲಿನಲ್ಲಿ ನಿಲ್ಲಬೇಕು. ಎಕ್ಸ್‌ಚೇಂಜ್ ಹೆಚ್ಚುವರಿ ನಿಗಾ ಪಟ್ಟಿಯಲ್ಲಿ ಸೇರಿಸಿದೆಯೇ ಅನ್ನುವುದು ಷೇರಿನ ಪುಟದಲ್ಲೇ ಕಾಣುತ್ತದೆ.

ಸಣ್ಣ-ಮಧ್ಯಮ ಉದ್ದಿಮೆಗಳಿಗಾಗಿ 2012ರಿಂದ ಇರುವ ಎಸ್‌ಎಂಇ ವೇದಿಕೆಗಳ ಕಂಪನಿಗಳಲ್ಲಿ ಇನ್ನೊಂದು ಬಿಗಿ ಇದೆ. ಅಲ್ಲಿ ಒಂದೊಂದು ಷೇರು ಮಾರುವಂತಿಲ್ಲ, ಲಾಟ್ ಲೆಕ್ಕ, ಅಂದರೆ ಇಂತಿಷ್ಟು ಷೇರಿನ ಕಟ್ಟು. ಅರ್ಧ ಮಾರಿ ಅರ್ಧ ಇಟ್ಟುಕೊಳ್ಳುವ ಆಸೆ ಇದ್ದರೆ ಲಾಟಿನ ಬೆಲೆ ಎಷ್ಟು ಅಂತ ಮೊದಲೇ ನೋಡಿ.

9. ಎಷ್ಟು, ಯಾವಾಗ

ಎಷ್ಟು ಅನ್ನುವುದಕ್ಕೆ ನನ್ನದು ರೈತರ ಲೆಕ್ಕ. ತೊಗರಿಯ ನಡುವೆ ಹೆಸರೋ ಉದ್ದೋ ಅಕ್ಕಡಿ ಹಾಕಿದವನಿಗೆ ನೆಟೆ ರೋಗ ಬಂದ ವರ್ಷವೂ ಮನೆಗೆ ಒಂದಿಷ್ಟು ಬರುತ್ತದೆ. ಇಂಥ ಒಂದು ಷೇರಿಗೆ, ಪೂರ್ತಿ ಹೋದರೂ ಮನೆಯ ಖರ್ಚು ನಿಲ್ಲದಷ್ಟು ಮಾತ್ರ. ಸಾಲ ತಂದು ಬೇಡ. ಟೆಲಿಗ್ರಾಂ ಗುಂಪಿನಲ್ಲಿ ಹೇಳಿದವನಿಗೆ ಸೆಬಿ ನೋಂದಣಿ ಸಂಖ್ಯೆ ಕೇಳಿ. ಸೆಬಿ ಜಾಲತಾಣದ ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೆ ಗುಂಪಿನಿಂದ ಹೊರಗೆ ಬನ್ನಿ.

ಯಾವಾಗ ಅನ್ನುವುದಕ್ಕೆ ಗೋಡೆಯ ಕ್ಯಾಲೆಂಡರ್ ಸಾಕು. ಮುಖ್ಯ ವೇದಿಕೆಯ ಕಂಪನಿಗಳು ತ್ರೈಮಾಸಿಕ ಮುಗಿದ 45 ದಿನದೊಳಗೆ, ವರ್ಷದ್ದಾದರೆ 60 ದಿನದೊಳಗೆ ಫಲಿತಾಂಶ ಕೊಡಬೇಕು. ಆದರೆ ಬ್ಯಾಲೆನ್ಸ್ ಶೀಟೂ ನಗದು ಹರಿವೂ ಬರುವುದು ಅರ್ಧ ವರ್ಷಕ್ಕೊಮ್ಮೆ. ಹಾಗಾಗಿ ನಾನು ಗುರುತು ಹಾಕುವುದು ಎರಡೇ ದಿನಕ್ಕೆ: ನಮ್ಮಲ್ಲಿ ತೊಗರಿ ಹೂವಾಡುವ ಹೊತ್ತಿನ ನವೆಂಬರ್ 14, ಮುಂಗಾರಿಗೆ ಬೀಜ ಹೊಂದಿಸುವ ಹೊತ್ತಿನ ಮೇ 30. ಹಲವು ಸಣ್ಣ ಕಂಪನಿಗಳು ಕೊನೆಯ ದಿನದ ಸಂಜೆಯೇ ಫಲಿತಾಂಶ ಹಾಕುತ್ತವೆ.

ಅಣ್ಣನ ಮಗ ಆ ನವೆಂಬರ್ 14ರ ರಾತ್ರಿ ಹತ್ತೂವರೆಗೆ ಫೋನ್ ಮಾಡಿದ. ದರ ಎಷ್ಟಾಯಿತು ಅಂತ ನಾನೇ ಕೇಳುವವನಿದ್ದೆ. ಅದಕ್ಕೂ ಮುಂಚೆ ಅವನೇ, "ಕಾಕಾ, ಉದ್ರಿ 220 ದಿನ ಆಗ್ಯದ" ಅಂದ.